ಮಂಡಿಯೊಳಗಿನ ಒತ್ತಡವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಬಗೆ

ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ಸಸಿ ನೆಟ್ಟು ನೆಟ್ಟು ನನ್ನ ಅವ್ವನ ಮಂಡಿ ಸವೆದಿದೆ. ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿಸುವ ನಾನು ಈ ವಿದ್ಯೆ ಕಲಿತದ್ದು ಅವಳಿಗಾಗಿಯೇ.

ಮೊದಲು ಆಕಾರ ಬೇಕು. ಮೂಳೆಗೆ ಸಿ.ಟಿ. ಸ್ಕ್ಯಾನ್ ಸಾಕು; ಮೃದ್ವಸ್ಥಿಗೂ ಮಂಡಿಯ ಮೂಳೆಗಳ ನಡುವಿನ ಮೆತ್ತೆಗಳಾದ ಮೆನಿಸ್ಕಸ್‌ಗಳಿಗೂ ಎಂ.ಆರ್.ಐ. ಬೇಕು. ಉಚಿತವಾಗಿ ಸಿಗುವ ತ್ರೀಡಿ ಸ್ಲೈಸರ್ ಎಂಬ ತಂತ್ರಾಂಶದಲ್ಲಿ ಭಾಗಗಳನ್ನು ಬೇರ್ಪಡಿಸಿ.

ವಸ್ತುಗುಣ ತುಂಬುವಾಗ ಅವಸರ ಬೇಡ. ವಸ್ತು ಎಷ್ಟು ಬಿರುಸು ಎಂದು ಹೇಳುವ ಯಂಗ್ ಗುಣಾಂಕವು ಗಟ್ಟಿ ಮೂಳೆಗೆ ಸುಮಾರು 17 ಗಿಗಾಪಾಸ್ಕಲ್, ಸವೆದ ಮಂಡಿಯ ಬದಲು ಕೂರಿಸುವ ಕೃತಕ ಮಂಡಿಯ ಕೋಬಾಲ್ಟ್-ಕ್ರೋಮಿಯಂ ಲೋಹಕ್ಕೆ 200ಕ್ಕೂ ಹೆಚ್ಚು, ನಡುವಿನ ಪಾಲಿಎಥಿಲೀನ್ ಪ್ಲಾಸ್ಟಿಕ್ ತಟ್ಟೆಗೆ 1ರ ಆಸುಪಾಸು. ಈ ಅಂತರವೇ ಇಡೀ ಸಮಸ್ಯೆಯ ಬೇರು. ಬಿರುಸಾದ ಲೋಹ ಭಾರವನ್ನೆಲ್ಲ ತಾನೇ ಹೊತ್ತರೆ, ಪಕ್ಕದ ಮೂಳೆ ಕೆಲಸವಿಲ್ಲದೆ ಕ್ಷೀಣಿಸುತ್ತದೆ. ಆದ್ದರಿಂದ ಲೋಹದ ಒತ್ತಡವನ್ನಷ್ಟೇ ನೋಡಿ ಸಮಾಧಾನಪಡಬೇಡಿ. ಕೆಳಗಿನ ಮೂಳೆಯಲ್ಲಿ ಒತ್ತಡ ಎಲ್ಲಿ ಕುಸಿದಿದೆ ಎಂದು ಹುಡುಕಿ. ನನ್ನ ವಿದ್ಯಾರ್ಥಿಗಳು ಮರೆಯುವುದು ಇದನ್ನೇ.

ಭಾರಕ್ಕೆ ದೇಹದ ತೂಕವಷ್ಟೇ ಸಾಲದು. ನಡೆಯುವಾಗ ಸ್ನಾಯುಗಳ ಎಳೆತವೂ ಸೇರಿ ಮಂಡಿಯ ಮೇಲೆ ತೂಕದ 2ರಿಂದ 3 ಪಟ್ಟು ಬಲ ಬೀಳುತ್ತದೆ. ಅವ್ವ 60 ಕಿಲೋ ಇದ್ದಾಳೆ. ಅಂದರೆ ತೂಕ ಸುಮಾರು 600 ನ್ಯೂಟನ್; ಅದರ ಎರಡೂವರೆ ಪಟ್ಟು, 1,500 ನ್ಯೂಟನ್ ಕೊಟ್ಟೆ.

ಕಂಪ್ಯೂಟರ್ ಇಡೀ ಆಕಾರವನ್ನು ಸಣ್ಣ ಕಣಗಳ ಜಾಲರಿಯಾಗಿ ಒಡೆದು ಲೆಕ್ಕ ಹಾಕುತ್ತದೆ. ಆ ಜಾಲರಿಯನ್ನು ಮೇಲ್ಮೈಗಳು ತಾಗುವಲ್ಲಿ ಸಣ್ಣದಾಗಿಸಿ. ಕಣಗಳ ಗಾತ್ರವನ್ನು ಅರ್ಧಕ್ಕಿಳಿಸಿದರೂ ಗರಿಷ್ಠ ಒತ್ತಡ ಶೇಕಡಾ 5ಕ್ಕಿಂತ ಹೆಚ್ಚು ಬದಲಾಗದಿದ್ದರೆ ನಿಲ್ಲಿಸಿ. ಚೂಪು ಮೂಲೆಯಲ್ಲಿ ಕಾಣುವ ಭಾರಿ ಅಂಕಿಯನ್ನು ಮಾತ್ರ ನಂಬಬೇಡಿ; ಜಾಲರಿ ಸಣ್ಣದಾದಷ್ಟೂ ಅದು ಏರುತ್ತಲೇ ಹೋಗುತ್ತದೆ.

ನೆಟ್ಟಗಿನ ಕಾಲಿನ ಲೆಕ್ಕ ಮುಗಿದ ಮೇಲೆ, ಮಂಡಿಯನ್ನು 90 ಡಿಗ್ರಿಗೂ ಮೀರಿ ಬಾಗಿಸಿ ಮತ್ತೆ ಲೆಕ್ಕ ಹಾಕಿ. ನಮ್ಮ ಊರಿನವರು ಉಣ್ಣುವುದೂ ದುಡಿಯುವುದೂ ನೆಲದ ಮೇಲೆ ಕುಳಿತೇ.