ತೋಟದ ದಾರಿಗೆ ಬ್ಯಾಟರಿಯೋ ಪೆಟ್ರೋಲೋ: ಮುಂಗಡ ಕೊಡುವ ಮೊದಲು ಹಾಕಬೇಕಾದ ಲೆಕ್ಕ

ಬೆಂಗಳೂರಿನಲ್ಲಿ ಉದ್ಯೋಗ, ಸಕಲೇಶಪುರದ ಆಚೆ ನಾಲ್ಕಾರು ಎಕರೆ ಕಾಫಿ ತೋಟ ಇರುವ ನನ್ನ ಮೂವರು ಪರಿಚಿತರು ಇತ್ತೀಚೆಗೆ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ) ಗಾಡಿ ಕೊಳ್ಳಲು ಹೊರಟು ಒಂದೇ ಬಗೆಯ ತಪ್ಪು ಮಾಡಿದರು. ಕರಪತ್ರದಲ್ಲಿ ಅಚ್ಚಾದ ಕಿಲೋಮೀಟರನ್ನು ನಂಬಿ, ಪೆಟ್ರೋಲಿನ ಉಳಿತಾಯವನ್ನು ಮೊಬೈಲಿನಲ್ಲಿ ಗುಣಿಸಿ, ಆಷಾಢದ ಮಳೆಯಲ್ಲಿ ಆ ದಾರಿ ಹೇಗಿರುತ್ತದೆಂಬುದನ್ನು ಮರೆತೇಬಿಟ್ಟರು. ಗಾಡಿಯನ್ನು ತೂಗಿ ನೋಡುವ ಕ್ರಮ ಬೇರೆಯೇ ಇದೆ.

ಮೊದಲನೆಯದಾಗಿ, ಪಟ್ಟಿಯನ್ನು ಕಿರಿದು ಮಾಡಿಕೊಳ್ಳಿ. ಅಮೆರಿಕದಲ್ಲಿ 2021ರಿಂದ ಓಡುತ್ತಿರುವ ರಿವಿಯನ್ ಆರ್‌1ಟಿಯಂಥ ವಿದ್ಯುತ್ ಪಿಕಪ್‌ಗಳ ವಿಡಿಯೊ ನೋಡಿ ಕಾಯುತ್ತ ಕುಳಿತವರನ್ನು ನಾನು ಬಲ್ಲೆ. ಅದು ವ್ಯರ್ಥ ಕಾಯುವಿಕೆ. ನಮ್ಮಲ್ಲಿ ಸಿಗುವ ಏಸ್ ಇವಿಯಂಥ ವಿದ್ಯುತ್ ಪಿಕಪ್‌ಗಳು ಊರೊಳಗಿನ ಸರಕು ಸಾಗಣೆಗೆಂದು ಮಾಡಿದವು, ಹೈಲಕ್ಸ್ ಮತ್ತು ವಿ-ಕ್ರಾಸ್ ಪಿಕಪ್‌ಗಳು ಡೀಸೆಲ್ ಕುಡಿಯುತ್ತವೆ. ಹೀಗಾಗಿ ನಿಜವಾದ ಪೈಪೋಟಿ ಇರುವುದು 2025ರಲ್ಲಿ ಬಂದ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಹ್ಯಾರಿಯರ್ ಇವಿಯಂಥ ಬ್ಯಾಟರಿ ಗಾಡಿಗೂ ಜಿಮ್ನಿ ಅಥವಾ ಥಾರ್‌ನಂಥ ಪೆಟ್ರೋಲ್ ಗಾಡಿಗೂ ನಡುವೆ.

ಎರಡನೆಯದು ತೆರಿಗೆ, ಇಲ್ಲಿ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ವಿದ್ಯುತ್ ಕಾರುಗಳ ಜಿಎಸ್‌ಟಿ ಶೇ 5, 2025ರ ಸೆಪ್ಟೆಂಬರ್ 22ರಿಂದ ಜಿಮ್ನಿ ಮತ್ತು ಥಾರ್‌ ಪೆಟ್ರೋಲಿಗೆ ಶೇ 40. ಕರ್ನಾಟಕವು 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳ ಮೇಲೆ ಶೇ 10ರ ಆಜೀವ ತೆರಿಗೆ ಹಾಕಿತು. ನಿಯಮಗಳು ಬದಲಾಗುತ್ತಲೇ ಇರುವುದರಿಂದ ಆನ್-ರೋಡ್ ದರವನ್ನು ಬುಕಿಂಗ್ ದಿನ ಲಿಖಿತವಾಗಿ ಪಡೆಯಿರಿ.

ಮೂರನೆಯದಾಗಿ, ಚಾರ್ಜಿಂಗ್ ಎಲ್ಲಿ ಎಂಬುದನ್ನು ಗಾಡಿಗಿಂತ ಮೊದಲು ನಿರ್ಧರಿಸಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಸಂಘದ ಒಪ್ಪಿಗೆಯನ್ನು ಕಾಗದದಲ್ಲಿ ಪಡೆಯುವವರೆಗೆ ಮುಂಗಡ ಕೊಡಬೇಡಿ. 'ನೋಡೋಣ ಬಿಡಿ' ಎಂಬ ಕಾರ್ಯದರ್ಶಿಯ ಮಾತು ಒಪ್ಪಿಗೆಯಲ್ಲ. ತೋಟದ ಮನೆಯಲ್ಲಿ 15 ಆಂಪಿಯರ್ ಸಾಕೆಟ್ಟಿಗೆ ಪ್ರತ್ಯೇಕ ದಪ್ಪ ತಂತಿಯನ್ನೂ ಸರಿಯಾದ ಅರ್ಥಿಂಗನ್ನೂ ಹಾಕಿಸಿ. ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡಿನ ದಾರಿ ಹಿಡಿಯಲೇಬೇಡಿ. ಅಂಥದ್ದೊಂದು ನನ್ನ ಕಣ್ಣೆದುರಿಗೇ ಮೇಣದಂತೆ ಕರಗಿದೆ.

ನಾಲ್ಕನೆಯ ಹಂತದಲ್ಲೇ ಬಹುತೇಕರು ಎಡವುವುದು. ಒಂದು ಬಿಳಿ ಹಾಳೆ ತೆಗೆದುಕೊಂಡು, ನಿಮ್ಮ ಪ್ರಯಾಣದ ಒಳ್ಳೆಯ ದಿನವನ್ನು ಒಂದು ಕಡೆ, ಕೆಟ್ಟ ದಿನವನ್ನು ಇನ್ನೊಂದು ಕಡೆ ಬರೆಯಿರಿ. ಎಲ್ಲವನ್ನೂ ಯೂನಿಟ್‌ಗಳಲ್ಲಿ, ಅಂದರೆ ಕಿಲೋವ್ಯಾಟ್-ಅವರ್ ಲೆಕ್ಕದಲ್ಲಿ, ಬರೆಯಬೇಕು, ಶೇಕಡಾವಾರಿನಲ್ಲಿ ಅಲ್ಲ. ಉದಾಹರಣೆಗೆ 75 ಯೂನಿಟ್ ಬ್ಯಾಟರಿಯ ಹ್ಯಾರಿಯರ್ ಇವಿಯ ಫೋರ್ ವೀಲ್ ಮಾದರಿಗೆ ಪ್ರಮಾಣಿತ ಪರೀಕ್ಷೆಯ ಅಂಕಿ 622 ಕಿ.ಮೀ. ಅದನ್ನು ಮರೆತು, ಹೆದ್ದಾರಿಯಲ್ಲಿ ಯೂನಿಟ್ಟಿಗೆ 6 ಕಿ.ಮೀ. ಎಂದಿಟ್ಟುಕೊಳ್ಳಿ. ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 180, ಅಲ್ಲಿಂದ ಸಕಲೇಶಪುರ ದಾಟಿ ತೋಟಕ್ಕೆ 55, ಒಟ್ಟು 235 ಕಿ.ಮೀ.; ಖರ್ಚು 39 ಯೂನಿಟ್. ಎರಡು ದಿನ ತೋಟದೊಳಗೆ 40 ಕಿ.ಮೀ. ಓಡಾಟಕ್ಕೆ, ಯೂನಿಟ್ಟಿಗೆ 3 ಕಿ.ಮೀ.ನಂತೆ, ಇನ್ನು 13. ಶೇ 10ನ್ನು ಮೀಸಲಾಗಿ ಮುಟ್ಟದೆ ಬಿಟ್ಟರೂ ಸುಮಾರು 15 ಯೂನಿಟ್ ಉಳಿಯುತ್ತದೆ. ವಾಪಸಾಗಲು ಕೊರತೆ ಬೀಳುವ 24 ಯೂನಿಟ್ಟನ್ನು ತೋಟದ ಸಾಕೆಟ್ಟು ಒಂದು ರಾತ್ರಿಯಲ್ಲಿ ತುಂಬಿಕೊಡುತ್ತದೆ. ಒಳ್ಳೆಯ ದಿನದ ಹಾಳೆ ಇಲ್ಲಿಗೆ ಮುಗಿಯಿತು, ಶೋರೂಮಿನವರು ತೋರಿಸುವುದೂ ಇದನ್ನೇ.

ಈಗ ಜುಲೈ ತಿಂಗಳ ಹಾಳೆ ಬರೆಯಿರಿ. ಐದು ಜನ, ಡಿಕ್ಕಿ ತುಂಬ ಸಾಮಾನು, ಬಿಡದ ಮಳೆ, ಹಲ್ಲು ದೊಡ್ಡದಿರುವ ಟೈರು: ಹೆದ್ದಾರಿಯಲ್ಲಿ ಯೂನಿಟ್ಟಿಗೆ 4.5, ಕೆಸರಿನಲ್ಲಿ 2 ಕಿ.ಮೀ. ತೋಟ ತಲುಪುವಷ್ಟರಲ್ಲಿ 52 ಯೂನಿಟ್ ಹೋಯಿತು, ಎರಡು ದಿನದ ಕೆಸರಿಗೆ 20 ಹೋಯಿತು, ಉಳಿದದ್ದು ಬರೀ 3. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಮಲೆನಾಡಿನಲ್ಲಿ ಕೆಲವೊಮ್ಮೆ ದಿನಗಟ್ಟಲೆ ಬರುವುದಿಲ್ಲ. ಹಾಸನದ ಫಾಸ್ಟ್ ಚಾರ್ಜರಿಗೆ ಹಿಂದಿರುಗಲು 12 ಯೂನಿಟ್ ಬೇಕು. ನನ್ನ ಪರಿಚಿತರಲ್ಲಿ ಒಬ್ಬರು ಟ್ರಕ್ಕಿನ ಮೇಲೆ ಗಾಡಿ ಹೇರಿಕೊಂಡು ಬಂದದ್ದು ಇದೇ ಲೆಕ್ಕ ತಪ್ಪಿ. ಪರಿಹಾರ ಸುಲಭ: ಹೋಗುವಾಗಲೇ ಹಾಸನದಲ್ಲಿ ಅರ್ಧ ಗಂಟೆ ನಿಂತು 60 ಯೂನಿಟ್‌ವರೆಗೆ ತುಂಬಿಸಿಕೊಂಡರೆ, ಕರೆಂಟೇ ಇಲ್ಲದ ತೋಟದಲ್ಲಿ ಎರಡು ದಿನ ಕಳೆದು, ಮತ್ತೆ ಹಾಸನ ಮುಟ್ಟುವಾಗ ಕೈಯಲ್ಲಿ 16 ಯೂನಿಟ್ ಇರುತ್ತದೆ. ಬೆಂಗಳೂರು ಮತ್ತು ಸಕಲೇಶಪುರ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವುದರಿಂದ ಈ ದಾರಿಯಲ್ಲಿ ಏರಿನ ಲೆಕ್ಕ ಬಿಡಬಹುದು. ಶಿರಾಡಿ ಇಳಿದು ಮತ್ತೆ ಹತ್ತುವವರು ಮಾತ್ರ ಎರಡೂವರೆ ಟನ್ ಭಾರಕ್ಕೆ ಪ್ರತಿ 100 ಮೀಟರ್ ಏರಿಗೆ ಕನಿಷ್ಠ 0.7 ಯೂನಿಟ್ ಸೇರಿಸಿಕೊಳ್ಳಬೇಕು.

ಪೆಟ್ರೋಲ್ ಗಾಡಿಗೂ ಇದೇ ಹಾಳೆ ಬರೆಯಿರಿ, ಅದಕ್ಕೇನೂ ವಿನಾಯಿತಿಯಿಲ್ಲ. ಮ್ಯಾನುಯಲ್ ಗೇರಿನ ಜಿಮ್ನಿಯ ಪ್ರಮಾಣಿತ ಅಂಕಿ ಲೀಟರಿಗೆ 16.94 ಕಿ.ಮೀ.; ನಾನು ಹೆದ್ದಾರಿಗೆ 13, ಲೋ ಗೇರಿನ ಕೆಸರಿಗೆ 6 ಎಂದೇ ಹಿಡಿಯುತ್ತೇನೆ. ತೋಟದೊಳಗಿನ ಓಡಾಟವೂ ಸೇರಿ ಹೋಗಿಬರಲು 43 ಲೀಟರ್. ಟ್ಯಾಂಕು 40 ಲೀಟರಿನದು. ದಾರಿಯಲ್ಲಿ ಐದು ನಿಮಿಷ ನಿಂತರಾಯಿತು, ಆದರೆ ಲೀಟರಿಗೆ ನೂರು ದಾಟಿದ ದರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರೂಪಾಯಿ ಕೈಬಿಟ್ಟು ಹೋಗುತ್ತದೆ. ಒಳ್ಳೆಯ ದಿನದ ಇದೇ ಪ್ರಯಾಣಕ್ಕೆ ಬ್ಯಾಟರಿ ಗಾಡಿ ಚಾರ್ಜಿಂಗ್ ನಷ್ಟವೂ ಸೇರಿ ನೂರು ಯೂನಿಟ್ ನುಂಗುತ್ತದೆ; ಮನೆಯ ಬಿಲ್ಲಿನ ದರದಿಂದ ಗುಣಿಸಿ ನೋಡಿ. ಫಾಸ್ಟ್ ಚಾರ್ಜರಿನ ದರ ಅದಕ್ಕಿಂತ ಬಹಳ ಹೆಚ್ಚು, ಅದನ್ನು ಬೇರೆಯಾಗಿಯೇ ಬರೆಯಬೇಕು.

ಐದನೆಯದು ತೂಕ. ಜಿಮ್ನಿ ಸುಮಾರು 1,200 ಕಿಲೋ, ಬ್ಯಾಟರಿ ಗಾಡಿ ಎರಡು ಟನ್ನಿನ ಮೇಲೆ. ವಿದ್ಯುತ್ ಮೋಟಾರಿಗೆ ನಿಂತಲ್ಲಿಂದಲೇ ಎಳೆತವಿರುವುದು ನಿಜ, ಕಲ್ಲಿನ ಏರಿನಲ್ಲಿ ಅದು ಸೊಗಸಾಗಿ ಹತ್ತುತ್ತದೆ. ಆದರೆ ನೆನೆದ ಕೆಮ್ಮಣ್ಣಿನಲ್ಲಿ ಭಾರದ ಗಾಡಿ ಹೂತುಕೊಂಡರೆ ಪಕ್ಕದ ತೋಟದ ಟ್ರ್ಯಾಕ್ಟರೇ ಗತಿ. ಆದ್ದರಿಂದ ಕೊನೆಯ ಎರಡು ಕಿಲೋಮೀಟರು ಮಣ್ಣಿನ ದಾರಿಯಾಗಿದ್ದರೆ ಹಗುರವಾದ ಪೆಟ್ರೋಲ್ ಗಾಡಿಯನ್ನೇ ಕೊಳ್ಳಿ. ಜಲ್ಲಿ ಅಥವಾ ಕಾಂಕ್ರೀಟ್ ಹಾಕಿದ್ದರೆ, ವಾರದ ಐದು ದಿನ ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟುವವರಿಗೆ ಬ್ಯಾಟರಿಯೇ ಲೇಸು. ಉಳಿದ ಹಣವನ್ನು ಒಳ್ಳೆಯ ಟೈರಿಗೆ ಹಾಕಿ, ಮುಂಭಾಗದ ಕಬ್ಬಿಣದ ಗಾರ್ಡಿಗೆ ಅಲ್ಲ. 2017ರಲ್ಲೇ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದೆ, ಅಪಘಾತದಲ್ಲಿ ಏರ್‌ಬ್ಯಾಗಿನ ಕೆಲಸಕ್ಕೂ ಅದು ಅಡ್ಡಿ.

ಕೊನೆಯದಾಗಿ, ಪರೀಕ್ಷಾ ಚಾಲನೆಯನ್ನು ಹೊರವರ್ತುಲ ರಸ್ತೆಯಲ್ಲಿ ಮುಗಿಸದೆ, ಕಡಿದಾದ ಇಳಿಜಾರಿರುವ ಕಡೆಗೆ ಒಯ್ಯಲು ಕೇಳಿ. ಬ್ಯಾಟರಿ ಪೂರ್ತಿ ತುಂಬಿದ್ದಾಗ, ವೇಗ ತಗ್ಗಿಸುತ್ತ ಬ್ಯಾಟರಿಗೆ ಮರಳಿ ವಿದ್ಯುತ್ ತುಂಬುವ ಮೋಟಾರಿನ ಬ್ರೇಕು ಹಿಡಿಯುವುದು ಕಡಿಮೆ ಎಂಬುದು ಅಲ್ಲಿ ಮಾತ್ರ ಗೊತ್ತಾಗುತ್ತದೆ. ಹಿಂತಿರುಗಿದ ಮೇಲೆ ಡಿಕ್ಕಿ ತೆರೆಸಿ ಸ್ಟೆಪ್ನಿ ಇದೆಯೇ ನೋಡಿ. ಅನೇಕ ವಿದ್ಯುತ್ ಕಾರುಗಳಲ್ಲಿ ಅದರ ಜಾಗದಲ್ಲಿ ಪಂಕ್ಚರ್ ಕಿಟ್ ಒಂದೇ ಇರುತ್ತದೆ, ಮತ್ತು ಚೂಪುಗಲ್ಲು ಟೈರಿನ ಪಕ್ಕೆ ಸೀಳಿದರೆ ಆ ಕಿಟ್ಟಿನಿಂದ ಏನೂ ಆಗುವುದಿಲ್ಲ.