ಹಳ್ಳದ ದಂಡೆಯಲ್ಲಿ ಎಲುಬು ಹುಡುಕುವುದು: ನನ್ನ ಅನುಭವ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಪಳೆಯುಳಿಕೆ ಹುಡುಕಬೇಕೆಂದರೆ ಮೊದಲು ಗುಡ್ಡ ಇಳಿಯಬೇಕು. ಇಲ್ಲಿಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಆಗಿನ್ನೂ ಎಲುಬುಳ್ಳ ಪ್ರಾಣಿಯೇ ಇರಲಿಲ್ಲ. ಎಲುಬು ಸಿಕ್ಕರೆ ಕೃಷ್ಣೆ, ತುಂಗಭದ್ರೆ, ಹಗರಿ ಮತ್ತು ಅವಕ್ಕೆ ಸೇರುವ ಹಳ್ಳಗಳು ಹಿಂದೆ ಹಾಕಿಹೋದ ಉಸುಕು, ಹೂಳಿನಲ್ಲೇ ಸಿಗಬೇಕು. ಘಟಪ್ರಭೆಯ ಸೀಮೆಯಲ್ಲಿ, ಗೋಕಾಕದ ಹತ್ತಿರ, ಇಂಥದೇ ಮಣ್ಣಿನಿಂದ ಬಂದ ಖಡ್ಗಮೃಗದ ಎಲುಬುಗಳನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವರ್ಣಿಸಿದ್ದಾನೆ.

ಎಲುಬು ಕಲ್ಲಾಗುವುದಕ್ಕೆ ಸಾವಿರಾರು ವರ್ಷ ಬೇಕು, ಖರೆ. ಆದರೆ ಅದು ಉಳಿಯುತ್ತದೋ ಇಲ್ಲವೋ ಎನ್ನುವುದು ಮೊದಲ ಕೆಲವೇ ವರ್ಷಗಳಲ್ಲಿ ತೀರ್ಮಾನವಾಗಿಬಿಡುತ್ತದೆ. ಬಯಲಲ್ಲಿ ಬಿದ್ದ ದನದ ಎಲುಬಿನ ಜಿಡ್ಡು ಮೊದಲು ಆರುತ್ತದೆ, ಆಮೇಲೆ ಉದ್ದುದ್ದಕ್ಕೆ ಸೀಳು ಬೀಳುತ್ತದೆ, ಮೇಲ್ಪದರ ಹಕ್ಕಳೆಯಂತೆ ಎದ್ದು ಕೊನೆಗೆ ಸಿಬರು ಸಿಬರಾಗುತ್ತದೆ. ಕೀನ್ಯಾದ ಅಂಬೊಸೆಲಿಯಲ್ಲಿ ನೋಡಿ ಪಳೆಯುಳಿಕೆ ವಿಜ್ಞಾನಿ ಬೆಹ್ರೆನ್ಸ್‌ಮೈಯರ್ 1978ರಲ್ಲಿ ಇದಕ್ಕೆ 0ಯಿಂದ 5ರವರೆಗೆ ಹಂತ ಹಾಕಿಕೊಟ್ಟರು. ನನ್ನ ವಹಿಯಲ್ಲಿ ಪ್ರತಿ ಎಲುಬಿನ ಮುಂದೆ ಈ ಅಂಕಿ ಇರುತ್ತದೆ. 0 ಅಥವಾ 1 ಇದ್ದರೆ ಬೇಗ ಹೂತಿದೆ, 3 ದಾಟಿದ್ದರೆ ವರ್ಷಗಟ್ಟಲೆ ಬಿಸಿಲು ತಿಂದಿದೆ. ಒಂದೇ ಪದರದಲ್ಲಿ ಎರಡೂ ಬೆರೆತಿದ್ದರೆ ಅವು ಒಂದೇ ಸಲ ಸತ್ತ ಪ್ರಾಣಿಗಳವಲ್ಲ, ಬೇರೆ ಬೇರೆ ಕಾಲದವನ್ನು ಹೊಳೆ ಒಟ್ಟು ಮಾಡಿದೆ ಎಂದು ಗುಮಾನಿ ಪಡಬೇಕು.

ಹೊಳೆ ಹೂಳುವುದಷ್ಟೇ ಅಲ್ಲ, ಆರಿಸುತ್ತದೆ ಕೂಡ. ವೂರ್ಹೀಸ್ ಎಂಬ ವಿಜ್ಞಾನಿ 1969ರಲ್ಲಿ ಕುರಿ ಮತ್ತು ಕಾಯೋಟಿ (ಅಮೆರಿಕದ ತೋಳದಂಥ ಪ್ರಾಣಿ) ಎಲುಬುಗಳನ್ನು ಹರಿಯುವ ನೀರಿಗೆ ಬಿಟ್ಟು ತೋರಿಸಿದ್ದು ಇದನ್ನೇ. ಪಕ್ಕೆಲುಬು, ಬೆನ್ನುಮಣಿ ಮೊದಲು ತೇಲಿ ಉರುಳಿ ಹೋಗುತ್ತವೆ, ತೊಡೆ ಮತ್ತು ಕಾಲಿನವು ಆಮೇಲೆ ಹೊರಡುತ್ತವೆ, ತಲೆಬುರುಡೆ ಮತ್ತು ಕೆಳದವಡೆ ಇದ್ದಲ್ಲೇ ಹಿಂದುಳಿಯುತ್ತವೆ. ಹಾಗಾಗಿ ಬರೀ ದವಡೆ, ಹಲ್ಲು ಸಿಕ್ಕ ಜಾಗದಲ್ಲಿ ಉಳಿದ ಮೈಯನ್ನು ಹುಡುಕುತ್ತಾ ಕೂರುವುದು ದಂಡ. ನೀರು ಅದನ್ನು ಎಂದೋ ಒಯ್ದಿದೆ. ಬೆನ್ನುಮಣಿಗಳು ಸಾಲು ತಪ್ಪದೆ ಸಿಕ್ಕರೆ ಮಾತ್ರ ಸಲಿಕೆ ಕೆಳಗಿಟ್ಟು ಬ್ರಷ್ ಹಿಡಿಯುತ್ತೇನೆ. ಆ ಪ್ರಾಣಿ ಅಲ್ಲೇ ಸತ್ತು ಅಲ್ಲೇ ಮುಚ್ಚಿಹೋಗಿದೆ.

ದಂಡೆಯನ್ನು ಓದುವುದು ಹೀಗೆ. ಒಂದು ಮೀಟರ್ ಅಗಲಕ್ಕೆ ಮೇಲಿಂದ ಕೆಳಗೆ ಹೊರಗಿನ ಸಡಿಲ ಮಣ್ಣು ಕೆರೆದು ಹಸಿ ಮುಖ ತೆಗೆಯುತ್ತೇನೆ. ತಳದಲ್ಲಿ ಉರುಟು ಗುಂಡುಗಳ ಜಲ್ಲಿ ಇದ್ದರೆ ಅಲ್ಲಿ ಎಲುಬು ಸಿಗುವುದು ಅಪರೂಪ, ಸಿಕ್ಕರೂ ತೇಯ್ದ ಚೂರು. ಜಲ್ಲಿಯ ಮೇಲೆ ಉಸುಕು ಸಣ್ಣದಾಗುತ್ತಾ ಹೂಳಿಗೆ ತಿರುಗುವ ಗೆರೆ ಇರುತ್ತದಲ್ಲ, ಪ್ರವಾಹ ಇಳಿದು ನೀರು ಸುಸ್ತಾದ ಜಾಗ, ಮೊದಲು ಅಲ್ಲಿ ನೋಡಬೇಕು. ಹೊಳೆ ದಾರಿ ಬಿಟ್ಟ ಹಳೆಯ ಮಡುವಿನ ಬೂದು ಜೇಡಿಯೂ ಒಳ್ಳೆಯದು. ಇನ್ನು ಎರೆಮಣ್ಣಿನ ಪದರವನ್ನು ನಾನು ನಂಬುವುದಿಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣು ಎಲುಬನ್ನು ಒಳಗೇ ಅರೆದುಬಿಡುತ್ತದೆ, ಬಿರುಕಿನೊಳಗೆ ಮೇಲಿನ ಹೊಸ ಎಲುಬನ್ನು ಮೊಳದುದ್ದ ಕೆಳಗೆ ಬೀಳಿಸಿ ಮೋಸವನ್ನೂ ಮಾಡುತ್ತದೆ.

ಮಣ್ಣಿನೊಳಗೆ ಏನಾಗುತ್ತದೆ? ಎಲುಬಿನ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಖನಿಜ, ಅಂದರೆ ಕ್ಯಾಲ್ಸಿಯಂ ಫಾಸ್ಫೇಟಿನ ಅಪಟೈಟ್. ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜೆನ್ ಎಂಬ ನಾರು. ನಾರನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ, ಖಾಲಿಯಾದ ರಂಧ್ರಗಳಲ್ಲಿ ಅಂತರ್ಜಲದ ಸುಣ್ಣ, ಕಬ್ಬಿಣ, ಮ್ಯಾಂಗನೀಸ್ ಕೂರುತ್ತವೆ. ಹುಳಿ ಮಣ್ಣಾದರೆ ಅಪಟೈಟೂ ಕರಗಿ ಏನೂ ಉಳಿಯುವುದಿಲ್ಲ. ನಮ್ಮ ಸುಣ್ಣದ ಮಣ್ಣು ಕ್ಷಾರದ ಕಡೆಗಿರುವುದೇ ಅನುಕೂಲ. ಜೊತೆಗೆ ಫ್ಲೋರೈಡ್. ಕೊಪ್ಪಳ, ರಾಯಚೂರಿನ ಎಷ್ಟೋ ಹಳ್ಳಿಗಳ ಬೋರಿನ ನೀರು ಮಕ್ಕಳ ಹಲ್ಲಿಗೆ ಕಲೆ ತರುವುದು ಎಲ್ಲರಿಗೂ ಗೊತ್ತಿರುವ ಸಂಕಟ. ಅದೇ ಫ್ಲೋರೈಡ್ ನೆಲದೊಳಗಿನ ಎಲುಬಿನ ಅಪಟೈಟಿಗೂ ಸೇರಿ ಅದನ್ನು ಸುಲಭಕ್ಕೆ ಕರಗದ ಹಾಗೆ ಮಾಡುತ್ತದೆ. ಒಂದೇ ಜಾಗದ ಎರಡು ಎಲುಬಿನಲ್ಲಿ ಫ್ಲೋರೈಡ್ ತೀರಾ ಬೇರೆ ಇದ್ದರೆ ಒಂದು ಆಮೇಲೆ ಬಂದು ಸೇರಿದ್ದು ಎಂದು ಹಿಡಿಯಬಹುದು. ಬೇರೆ ಬೇರೆ ಊರಿನ ಎಲುಬುಗಳಿಗೆ ಈ ಹೋಲಿಕೆ ನಡೆಯುವುದಿಲ್ಲ, ಯಾಕೆಂದರೆ ನೀರೇ ಬೇರೆ.

ಸುಣ್ಣ ಕಾಪಾಡುವಷ್ಟೇ ಕಾಡುತ್ತದೆ. ಬೇರು ಕೊಳೆತ ಕೊಳವೆಯಲ್ಲಿ ಸುಣ್ಣ ಕಟ್ಟಿ ಆದ ಗಂಟುಗಳು ಥೇಟ್ ಕುರಿಯ ಕಾಲೆಲುಬಿನ ಹಾಗೆ ಕಾಣುತ್ತವೆ. ಚೀಲ ತುಂಬಿಕೊಂಡು ಬರುವವರಲ್ಲಿ ಹೆಚ್ಚಿನವರ ಹತ್ತಿರ ಇರುವುದು ಇವೇ. ಆಸಿಡ್ ಹನಿ ಬಿಟ್ಟು ನೊರೆ ನೋಡುವುದು ಸಾಲದು, ಏಕೆಂದರೆ ರಂಧ್ರದಲ್ಲಿ ಸುಣ್ಣ ತುಂಬಿದ ನಿಜವಾದ ಎಲುಬೂ ನೊರೆ ಬಿಡುತ್ತದೆ. ಮುರಿದ ತುದಿಯನ್ನು 10 ಪಟ್ಟಿನ ಲೆನ್ಸಿನಲ್ಲಿ ನೋಡಬೇಕು. ಎಲುಬಾದರೆ ಹೊರಗೆ ಬಿಗಿ ಗೋಡೆ, ಕೀಲಿನ ಹತ್ತಿರ ಒಳಗೆ ಜೇನುಹುಟ್ಟಿನಂಥ ಜಾಲ. ಗಂಟಾದರೆ ಸುತ್ತಿ ಸುತ್ತಿ ಬಂದ ಪದರ, ಮಧ್ಯೆ ಒಂದು ತೂತು. ಹಲ್ಲಿನಲ್ಲಿ ಈ ಗೊಂದಲವಿಲ್ಲ. ಹಲ್ಲಿನ ಹೊರಪದರವಾದ ಎನಾಮಲ್ ಬಹುಪಾಲು ಖನಿಜವೇ ಆದ್ದರಿಂದ ಎಲ್ಲಕ್ಕಿಂತ ಹೆಚ್ಚು ಉಳಿಯುವುದೂ ಅದೇ.

ಎಲುಬಿನ ಪಕ್ಕದಲ್ಲಿ ಮಡಕೆ ಚೂರು, ಕಲ್ಲಿನ ಆಯುಧ, ಬೂದಿ ಕಂಡರೆ ಕೈ ಅಲ್ಲಿಗೇ ನಿಲ್ಲಬೇಕು. ಸಂಗನಕಲ್ಲು, ಕುಡತಿನಿ, ಮಸ್ಕಿಯ ನೆಲದಲ್ಲಿ ಅದು ಪುರಾತತ್ವದ ನೆಲೆಯಾಗಿರಬಹುದು, ಪರವಾನಗಿ ಇಲ್ಲದೆ ಅಗೆಯುವಂತಿಲ್ಲ. ಫೋಟೊ, ಜಿಪಿಎಸ್, ದಂಡೆಯ ಮೇಲ್ತುದಿಯಿಂದ ಎಷ್ಟು ಆಳ ಎಂಬ ಅಳತೆ ಬರೆದು ಇಲಾಖೆಗೆ ತಿಳಿಸಬೇಕು.

ಎತ್ತುವ ಕೆಲಸಕ್ಕೆ ಬೆಳಿಗ್ಗೆ ಒಂಬತ್ತರೊಳಗಿನ ಹೊತ್ತೇ ಸರಿ, ಮೇಲೆ ತಾಡಪತ್ರಿಯ ನೆರಳಿರಬೇಕು. ಮೆತ್ತಗಿನ ಎಲುಬಿಗೆ ಒಂದು ಲೀಟರ್ ಅಸಿಟೋನಿನಲ್ಲಿ 50 ಗ್ರಾಂ ಪ್ಯಾರಲಾಯ್ಡ್ ಬಿ-72 (ಎಲುಬನ್ನು ಗಟ್ಟಿಮಾಡುವ ಅಕ್ರಿಲಿಕ್ ರಾಳ) ಕರಗಿಸಿ ಹನಿ ಹನಿಯಾಗಿ ಕುಡಿಸುತ್ತೇನೆ. ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ ಇದನ್ನು ಮಾಡಿದರೆ ಅಸಿಟೋನ್ ಒಳಗಿಳಿಯುವ ಮೊದಲೇ ಆರಿ, ಮೇಲೆ ಹೊಳೆಯುವ ತೊಗಲು ಮಾತ್ರ ಉಳಿಯುತ್ತದೆ, ಒಳಗೆ ಎಲುಬು ಪುಡಿಯಾಗಿಯೇ ಇರುತ್ತದೆ. ಹಸಿ ಎಲುಬಿಗೆ ಹಾಕಿದರೆ ಬಿಳಿಚಿಕೊಳ್ಳುತ್ತದೆ. ಅಂಗಡಿಯ ಫೆವಿಕಾಲ್ ಬೇಡವೇ ಬೇಡ, ಆಮೇಲೆ ಬಿಡಿಸಲು ಬರುವುದಿಲ್ಲ.

ಸುತ್ತ ಮಣ್ಣು ತೆಗೆದು ಎಲುಬನ್ನು ಮಣ್ಣಿನ ಪೀಠದ ಮೇಲೆ ನಿಲ್ಲಿಸಬೇಕು. ಮೇಲೆ ಒದ್ದೆ ಟಿಶ್ಯೂ ಕಾಗದ ಎರಡು ಪದರ. ಇದನ್ನು ಮರೆತರೆ ಪ್ಲಾಸ್ಟರಿನ ಜೊತೆ ಎಲುಬಿನ ಮುಖವೂ ಕಿತ್ತು ಬರುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸನ್ನು ನೀರಿಗೆ ಉದುರಿಸಬೇಕು, ಪ್ಲಾಸ್ಟರಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಒಗೆದ ಗೋಣಿಯ ಪಟ್ಟಿಗಳನ್ನು ಅದರಲ್ಲಿ ಅದ್ದಿ ಅಡ್ಡ ಒಂದು, ಉದ್ದ ಒಂದು ಎಂದು ಮೂರು ಪದರ ಹಾಕುತ್ತೇನೆ, ಅಂಚು ಪೀಠದ ಕೆಳಗೆ ಮಡಚಿರಬೇಕು. ಉಗುರಿನಿಂದ ಬಡಿದಾಗ ಟಣ್ ಎನ್ನುವವರೆಗೆ ಮುಟ್ಟಬಾರದು. ಆಮೇಲೆ ಪೀಠದ ಬುಡ ಕೊರೆದು ಒಂದೇ ಏಟಿಗೆ ಮಗುಚುವುದು. ಹೆಚ್ಚಿನವು ಒಡೆಯುವುದು ಇಲ್ಲೇ, ಅರ್ಧ ಮನಸ್ಸಿನಿಂದ ನಿಧಾನಕ್ಕೆ ಎತ್ತಲು ಹೋಗಿ. ಮಗುಚುವ ಮೊದಲು ಪ್ಲಾಸ್ಟರಿನ ಮೇಲೆ ಉತ್ತರ ದಿಕ್ಕಿನ ಬಾಣ, ಸಂಖ್ಯೆ, ತಾರೀಖು ಬರೆದಿರಬೇಕು. ಮನೆಗೆ ತಂದ ಮೇಲೆ ಬಿಸಿಲಿಗಿಡದೆ, ಒದ್ದೆ ಪೇಪರ್ ಸುತ್ತಿ ನೆರಳಲ್ಲಿ ಎರಡು ಮೂರು ವಾರ ಮೆಲ್ಲಗೆ ಆರಿಸಿದ ನಂತರವೇ ಕೆಳಮುಖ ತೆರೆಯುತ್ತೇನೆ.