ತಾತನ ಸೈಕಲ್ಲಿನ ಸ್ಪೀಡೋಮೀಟರ್ ಮತ್ತೆ ಓಡಲಿ: ಮೊದಲು ಕೇಬಲ್ ನೋಡಿ

ಮುಳ್ಳು ಏಳುತ್ತಿಲ್ಲ ಅಂತ ಸುಮ್ನೆ ಮೀಟರ್ ಬಿಚ್ಚಿಕೊಂಡು ಕೂರಬೇಡಿ. ಮಂಡ್ಯದ ನಮ್ಮ ಮನೆ ಹಿತ್ತಲಲ್ಲಿ ವರ್ಷಗಟ್ಟಲೆ ನಿಂತಿದ್ದ ತಾತನ 28 ಇಂಚಿನ ಸೈಕಲ್ಲನ್ನು ಅಂಗಡಿಯೊಂದಕ್ಕೆ ಒಯ್ದಾಗ, ಮೀಟರೇ ಹೋಗಿದೆ, ಬಿಸಾಕಿ ಅಂದರು. ಹೋಗಿದ್ದು ಕೇಬಲ್ ಮಾತ್ರ.

ಇಂಥ ಹೆಚ್ಚಿನ ಮೀಟರುಗಳ ಕೆಲಸ ಇಷ್ಟೆ. ಮುಂದಿನ ಚಕ್ರದ ಕಡ್ಡಿ ಆಕ್ಸಲ್ ಮೇಲಿನ ಪುಟ್ಟ ಗೇರ್ ಡಬ್ಬಿಯ ಕೊಕ್ಕೆಯನ್ನು ತಳ್ಳುತ್ತದೆ, ಕೇಬಲ್ ತಿರುಗುತ್ತದೆ, ಮೇಲೆ ಮೀಟರಿನೊಳಗೆ ಅಯಸ್ಕಾಂತ ಸುತ್ತುತ್ತದೆ. ಅದಕ್ಕೆ ತಾಗದ ಹಾಗೆ ಒಂದು ಅಲ್ಯೂಮಿನಿಯಂ ಬಟ್ಟಲು, ಮುಳ್ಳು ಕೂತಿರುವುದು ಈ ಬಟ್ಟಲಿಗೆ. ಅಯಸ್ಕಾಂತ ಸುತ್ತಿದ ಹಾಗೆ ಬಟ್ಟಲಲ್ಲಿ ಕರೆಂಟ್ ಹುಟ್ಟಿ ಅದೂ ಹಿಂದೆಯೇ ಹೊರಡುತ್ತದೆ, ಕೂದಲಿನಂಥ ಸ್ಪ್ರಿಂಗ್ ಅದನ್ನು ವಾಪಸ್ ಎಳೆಯುತ್ತದೆ. ಆ ಜಗ್ಗಾಟ ಎಲ್ಲಿ ನಿಂತಿತೋ ಅಲ್ಲಿ ಮುಳ್ಳು. 1902ರಲ್ಲಿ ಜರ್ಮನಿಯ ಒಟ್ಟೊ ಶುಲ್ಜೆ ಪೇಟೆಂಟ್ ಮಾಡಿಸಿದ ಉಪಾಯ ಇದು. ಎಷ್ಟು ಚೆಂದ ಅಲ್ವಾ?

ಮೊದಲು ಮೀಟರ್ ಹಿಂದಿನ ನಟ್ಟು ಬಿಚ್ಚಿ ಕೇಬಲ್ ಹೊರಗೆಳೆಯಿರಿ. ಮುಂದಿನ ಚಕ್ರ ಎತ್ತಿ ತಿರುಗಿಸಿ. ಕೇಬಲ್ಲಿನ ಒಳಗಿನ ತಂತಿ ತಿರುಗದಿದ್ದರೆ ಅದು ತುಂಡಾಗಿದೆ, ಇಲ್ಲವೇ ಕೊಕ್ಕೆ ಕಡ್ಡಿಗೆ ಸಿಗುತ್ತಿಲ್ಲ. ತಿರುಗಿದರೆ ತಂತಿಯನ್ನು ಪೂರಾ ಎಳೆದು ಸೀಮೆಎಣ್ಣೆಯಲ್ಲಿ ತೊಳೆಯಿರಿ, ಸಿಗದಿದ್ದರೆ ಡೀಸೆಲ್ ಆದೀತು. ನೆಲದ ಮೇಲೆ ಉರುಳಿಸಿ ನೋಡಿ, ಎಲ್ಲಾದರೂ ಕುಪ್ಪಳಿಸಿದರೆ ಅಲ್ಲಿ ಮಡಿಕೆ ಬಿದ್ದಿದೆ ಅಂತ ಅರ್ಥ, ಓಡಿಸುವಾಗ ಮುಳ್ಳು ನಡುಗುವುದು ಹೆಚ್ಚಾಗಿ ಇದರಿಂದಲೇ. ಅಂಥ ತಂತಿ ಬದಲಿಸಿಬಿಡಿ. ಗ್ರೀಸ್ ತೆಳ್ಳಗೆ ಸವರಿ, ಅದೂ ಕೆಳಗಿನ ಭಾಗಕ್ಕೆ ಮಾತ್ರ. ಮೇಲಿನ ಒಂದು ಗೇಣು ಒಣಗಿಯೇ ಇರಲಿ. ಜಾಸ್ತಿ ಹಚ್ಚಿದರೆ ತಿರುಗುವ ತಂತಿಯೇ ಗ್ರೀಸನ್ನು ಮೀಟರಿನೊಳಕ್ಕೆ ಹತ್ತಿಸುತ್ತದೆ, ಬಟ್ಟಲು ಅಂಟಿಕೊಳ್ಳುತ್ತದೆ, ಆಮೇಲೆ ನಿಜವಾಗಿಯೂ ಮೀಟರ್ ಹೋಗುತ್ತದೆ.

ಇಷ್ಟಾದರೂ ಮುಳ್ಳು ಏಳದಿದ್ದರೆ ಮಾತ್ರ ಮೀಟರ್ ಬಿಚ್ಚಿ. ಗಾಜಿನ ಸುತ್ತ ಮಡಚಿರುವ ರಿಂಗನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಸ್ವಲ್ಪ ಸ್ವಲ್ಪವೇ, ಎರಡು ಮೂರು ಸುತ್ತು ಬಂದು ಏಳಿಸಿ. ಅವಸರ ಮಾಡಿದರೆ ಗಾಜು ಒಡೆಯುತ್ತದೆ. ಡಯಲ್ಲಿಗೆ ಒದ್ದೆ ಬಟ್ಟೆ ಬೇಡ, ಅಂಕಿಗಳ ಬಣ್ಣ ಎದ್ದು ಬಂದೀತು. ಮೆತ್ತನೆಯ ಒಣ ಬ್ರಷ್ ಸಾಕು. ಕತ್ತಲಲ್ಲಿ ಹೊಳೆಯಲೆಂದು ಬಣ್ಣ ಬಳಿದ ತುಂಬಾ ಹಳೆಯ ಡಯಲ್ ಆಗಿದ್ದರೆ ಅದರಲ್ಲಿ ರೇಡಿಯಂ ಇರಬಹುದು. ಅಂಥದ್ದನ್ನು ಕೆರೆಯಬೇಡಿ, ಉಜ್ಜಬೇಡಿ, ಮುಚ್ಚಿಟ್ಟುಬಿಡಿ. ಅಯಸ್ಕಾಂತದ ಕಡ್ಡಿ ಕೂರುವ ತೂತಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ. ಆ ಕೂದಲು ಸ್ಪ್ರಿಂಗಿಗೆ ಮಾತ್ರ ಎಣ್ಣೆಯನ್ನೂ ತಾಗಿಸಬೇಡಿ, ಬೆರಳನ್ನೂ ತಾಗಿಸಬೇಡಿ. ಅದು ಬಗ್ಗಿದರೆ ಸರಿಮಾಡುವುದು ಬಹಳ ಕಷ್ಟ.

ಜೋಡಿಸಿದ ಮೇಲೆ ಲೆಕ್ಕ ನೋಡಿ. 28 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಚಕ್ರ ಎತ್ತಿ ಕೈಯಲ್ಲೇ 45 ಸುತ್ತು ತಿರುಗಿಸಿದರೆ ಕಿಲೋಮೀಟರ್ ಅಂಕಿಯಲ್ಲಿ ನೂರು ಮೀಟರಿನ ಮನೆ ಒಂದು ಮುಂದೆ ಹೋಗಬೇಕು. ಮೈಸೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಮೀಟರ್ ಕೊಳ್ಳುವವರು ಅದು ಎಷ್ಟು ಇಂಚಿನ ಚಕ್ರಕ್ಕೆ ಮಾಡಿದ್ದು ಅಂತ ಕೇಳಿಯೇ ಕೊಳ್ಳಿ, 26 ಇಂಚಿಗೆ ಮಾಡಿದ್ದು 28ಕ್ಕೆ ಹಾಕಿದರೆ ಶೇ 7ರಷ್ಟು ಕಡಿಮೆ ತೋರಿಸುತ್ತದೆ.

ವೇಗಕ್ಕೆ ನಾನು ಮಾಡಿದ್ದು ಹೀಗೆ. ಬೆಳಗಿನ ಹೊತ್ತು ವಿಶ್ವೇಶ್ವರಯ್ಯ ನಾಲೆ ಪಕ್ಕದ ರಸ್ತೆಯಲ್ಲಿ ಟೇಪು ಹಿಡಿದು 100 ಮೀಟರ್ ಗುರುತು ಹಾಕಿದೆ. ಮುಳ್ಳನ್ನು 20ರ ಮೇಲೆ ನಿಲ್ಲಿಸಿ ತುಳಿದರೆ ಅಷ್ಟು ದೂರಕ್ಕೆ 18 ಸೆಕೆಂಡ್ ಹಿಡಿಯಬೇಕು. ತಾತನ ಮೀಟರಿಗೆ 19 ಬಂತು.